ಎಂಟನೇ ಕಂಬದ ಗೆರೆ

2004ರ ಮಾರ್ಚಿನಲ್ಲಿ ಶೆಟ್ಟಿಕೊಪ್ಪದ ನೀಲಾಂಬಿಕೆಯ ಸಸಿಮಡಿಯಿಂದ ಹಸಿರು ನೆರಳುಪರದೆಯನ್ನು, ಅದನ್ನು ಕೊಟ್ಟಿದ್ದ ಸಂಸ್ಥೆಯವರೇ ಬಿಚ್ಚಿಕೊಂಡು ಹೋದರು. ಗೇಟಿಗೆ ಕಟ್ಟಿದ್ದ ತಮ್ಮ ಬೋರ್ಡನ್ನೂ ಬಿಡಲಿಲ್ಲ.

ಹೊನ್ನೆ, ನೇರಳೆ, ಮುರುಗಲು ಹೀಗೆ ಕಾಡಿನ ಸಸಿ ಬೆಳೆಸಲು ಕೊಪ್ಪದ ಒಂದು ಸಂಸ್ಥೆ ಹನ್ನೆರಡು ಹೆಂಗಸರಿಗೆ ಬೀಜ, ಪರದೆ ಕೊಟ್ಟಿತ್ತು. ವರ್ಷದ ಕೊನೆಗೆ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಸಸಿ ಉಳಿಸಿದವರು ಮುಂದುವರಿಯಬೇಕು, ಮಿಕ್ಕವರು ಬಿಡಬೇಕು. ನೀಲಾಂಬಿಕೆ ಐನೂರರಲ್ಲಿ ಮುನ್ನೂರೈವತ್ತೈದು ಉಳಿಸಿದ್ದಳು. ನೂರಕ್ಕೆ ಎಪ್ಪತ್ತೊಂದು.

ಮರುದಿನವೇ ಬಸ್ಸು ಹತ್ತಿ ಕೊಪ್ಪಕ್ಕೆ ಹೋದಳು. ಅಲ್ಲಿನ ಸಂಚಾಲಕ ರೇಣುಕಾಪ್ರಸಾದ್ ಅವಳ ಮುಂದೆ ಒಂದು ಹಾಳೆ ಹಿಡಿದರು. ಹೆಚ್ಚಿನಿಂದ ಕಡಿಮೆಗೆ ಸಾಲಾಗಿ ನಿಂತ ಹನ್ನೆರಡು ಕಂಬಗಳು, ಒಂದೊಂದರ ಕೆಳಗೂ ಒಬ್ಬಳ ಹೆಸರು. ನಡುವೆ ಮೇಲಿಂದ ಕೆಳಕ್ಕೆ ಒಂದು ಕೆಂಪು ಗೆರೆ. ಗೆರೆಯ ಎಡಕ್ಕಿದ್ದವರು ಉಳಿದವರು, ಬಲಕ್ಕಿದ್ದವರು ಹೋದವರು. ಎಡಕ್ಕೆ ಏಳು ಕಂಬ. ನೀಲಾಂಬಿಕೆಯದು ಎಂಟನೆಯದು.

"ಸಾರ್, ನನ್ದು ಎಪ್ಪತ್ತೊಂದು ಇದೆ. ಪಟ್ಟಿ ಒಂದ್ಸಲ ತೆಗ್ದು ನೋಡಿ."

"ಗೆರೆ ಎಳೆದದ್ದು ನಾನಲ್ಲಮ್ಮ, ಕಂಪ್ಯೂಟರು. ಅದಕ್ಕೆಂತ ನಿನ್ ಮೇಲೆ ದ್ವೇಷವಾ?" ಎಂದರು ರೇಣುಕಾಪ್ರಸಾದ್. ಪಕ್ಕದ ಮೇಜಿನವರು ನಕ್ಕರು. "ಗಿಡ ಸಾಯ್ಸಿ, ಇಲ್ಲಿ ಬಂದು ಲೆಕ್ಕ ಹೇಳ್ಬೇಡ" ಎಂದೂ ರೇಣುಕಾಪ್ರಸಾದ್ ಸೇರಿಸಿದರು.

ಅವಳು ಆ ಹಾಳೆಯನ್ನು ಕೇಳಿ ಇಸಿದುಕೊಂಡು ಬಂದಳು.

ಸುದ್ದಿ ಅವಳಿಗಿಂತ ಮೊದಲೇ ಊರು ಮುಟ್ಟಿತ್ತು. ಡೇರಿಯಲ್ಲಿ ಹಾಲಿನ ಸಾಲಿನಲ್ಲಿ ನಿಂತಾಗ ವನಜಮ್ಮ ಎಲ್ಲರಿಗೂ ಕೇಳುವಂತೆ, "ನೀಲಾ, ನನ್ನ ಹಸು ಮುಟ್ಬೇಡ ಮಾರಾಯ್ತಿ. ನಿನ್ ಕೈ ತಾಗಿದ್ರೆ ಅದೂ ಬಾಡೀತು" ಎಂದಳು. ಮದುವೆಮನೆಗಳಲ್ಲಿ ತುಳಸಿಗೆ ನೀರು ಹಾಕಲು ಸಹ ಅವಳನ್ನು ಕರೆಯುವುದು ನಿಂತಿತು. ಹೋದದ್ದು ಪರದೆಯಲ್ಲ, ಅವಳ ಕೈಗಿದ್ದ ಹೆಸರು.

ಆ ಹಾಳೆಯನ್ನು ಅವಳು ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಕೆಳಗೆ ಇಟ್ಟಳು. "ಬೇರೆಯವ್ರು ಮರೆಯೋಕೆ ಪೂಜೆ ಮಾಡ್ತಾರೆ ಅಕ್ಕ. ನಾನು ಮರೀದೇ ಇರೋಕೆ ಮಾಡ್ತಿದ್ದೆ" ಎಂದು ಒಮ್ಮೆ ಪಕ್ಕದ ಮನೆಯವಳಾದ ನನಗೆ ಹೇಳಿದಳು.

ಹಾಳೆಯ ಬುಡದಲ್ಲಿ, ಚಿತ್ರ ಬರೆಯಲು ಕಂಪ್ಯೂಟರಿಗೆ ಕೊಟ್ಟ ಆಜ್ಞೆಯ ಸಾಲುಗಳು, ಹನ್ನೆರಡು ಜನರ ಅಂಕಿಗಳ ಪಟ್ಟಿಯ ಸಮೇತ, ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದವು. ಅವನ್ನು ಓದಲೆಂದೇ ಅವಳು ನರಸಿಂಹರಾಜಪುರದ ಧರ್ಮೇಶನ ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದಳು. ಅವು 'ಆರ್' ಎಂಬ ತಂತ್ರಾಂಶದ ಸಾಲುಗಳು, ಅದು ಬಿಟ್ಟಿ ಸಿಗುತ್ತದೆ ಎಂದು ಧರ್ಮೇಶ ಹೇಳಿ ಒಂದು ಸಿ.ಡಿ.ಯಿಂದ ಹಾಕಿಕೊಟ್ಟ. ಪಕ್ಕದಲ್ಲಿ ಇಂಗ್ಲಿಷ್ ನಿಘಂಟು ಇಟ್ಟುಕೊಂಡು ಒಂದು ವರ್ಷ ಕಲಿತಳು.

ಒಂದು ದಿನ ಹಾಳೆಯ ಸಾಲುಗಳನ್ನು ಹಾಗೇ ಒತ್ತಿದಳು. ಅದೇ ಚಿತ್ರ ಬಂತು. ಕೆಂಪು ಗೆರೆ ಅದೇ ಜಾಗದಲ್ಲಿ, ಏಳು ಮತ್ತು ಎಂಟನೇ ಕಂಬಗಳ ಸರಿ ನಡುವೆ. ಆದರೆ ಆಜ್ಞೆಯಲ್ಲಿದ್ದದ್ದು ಎಂಟೂವರೆ! ಎಂಟು ಮತ್ತು ಒಂಬತ್ತರ ನಡುವೆ ಎಂದೇ ರೇಣುಕಾಪ್ರಸಾದ್ ಬರೆದಿದ್ದರು.

ಕಂಬಗಳು ಎಲ್ಲೆಲ್ಲಿ ನಿಂತಿವೆ ಎಂದು ಕಂಪ್ಯೂಟರನ್ನೇ ಕೇಳಿದಳು. ಮೊದಲನೆಯದು 0.7ರಲ್ಲಿ, ಎರಡನೆಯದು 1.9ರಲ್ಲಿ, ಹೀಗೇ ಏಳನೆಯದು 7.9ರಲ್ಲಿ, ಎಂಟನೆಯದು 9.1ರಲ್ಲಿ. ಎಂಟನೇ ಕಂಬ ಎಂದರೆ ಎಂಟು ಎಂಬ ಅಂಕಿಯ ಮೇಲೆ ನಿಂತದ್ದು ಎಂದಲ್ಲ. ಕಂಬಕ್ಕೂ ಕಂಬಕ್ಕೂ ನಡುವೆ ಸಂದು ಬಿಟ್ಟು ಕಂಪ್ಯೂಟರು ತನ್ನದೇ ಅಳತೆಯಲ್ಲಿ ನಿಲ್ಲಿಸುತ್ತದೆ. ಎಂಟೂವರೆ ಬೀಳುವುದು ಎಂಟನೆಯದಕ್ಕೆ ಮುಂಚೆಯೇ. ಗೆರೆ 9.7ರಲ್ಲಿ ಇರಬೇಕಿತ್ತು.

"ಈಗ್ಲೇ ಹೋಗಿ ತೋರ್ಸಿ" ಎಂದ ಧರ್ಮೇಶ.

"ಒಬ್ರಿಗೇ ತೋರ್ಸಿದ್ರೆ ಡ್ರಾಯರಿಗೆ ಹಾಕ್ತಾರೆ. ಅವ್ರು ನಗ್ಸಿದ್ದು ಜನರ ಮುಂದೆ."

ಎಂಟು ತಿಂಗಳು ಕಾದಳು. ಹರಿಹರಪುರದಲ್ಲಿ ಸಂಸ್ಥೆಯ ವಾರ್ಷಿಕ ಸಭೆ. ಅವತ್ತು ರೇಣುಕಾಪ್ರಸಾದರಿಗೆ ಸನ್ಮಾನ. ಹಾರ ಎತ್ತುವ ಹೊತ್ತಿಗೆ ನೀಲಾಂಬಿಕೆ ಎದ್ದು, ಆ ಹಳೆಯ ಹಾಳೆಯನ್ನು ಅವರ ಮುಂದೆ ಹಿಡಿದಳು.

"ಸಾರ್, ಗೆರೆಯ ಎಡಕ್ಕಿರೋ ಕಂಬ ಎಣ್ಸಿ. ಗಟ್ಟಿಯಾಗಿ."

"ಇದೆಂತ ಮಾರಾಯ್ತಿ, ಈಗಲಾ?"

"ಎಣ್ಸಿ ಸಾರ್. ಆಮೇಲೆ ಪಟ್ಟೀಲಿ ಎಪ್ಪತ್ತು ದಾಟಿದೋರನ್ನ ಎಣ್ಸಿ."

ಏಳು. ಎಂಟು. ಎರಡನ್ನೂ ಅವರ ಬಾಯಿಂದಲೇ ಹೇಳಿಸಿ, ಹೊಸ ಚಿತ್ರವನ್ನು ಅಧ್ಯಕ್ಷರ ಕೈಗಿಟ್ಟಳು. "ಕಂಪ್ಯೂಟರಿಗೆ ನನ್ ಮೇಲೆ ದ್ವೇಷ ಇರ್ಲಿಲ್ಲ ಸಾರ್. ನೀವು ಹೇಳಿದಲ್ಲೇ ಎಳೀತು."

ಅಧ್ಯಕ್ಷರು ಹಾರವನ್ನು ಬುಟ್ಟಿಗೆ ಹಾಕಿದರು. ಪರದೆ, ಬೋರ್ಡು ವಾಪಸ್ ಕೊಡುತ್ತೇವೆ ಎಂದರು. ಅವಳು ಇನ್ನೊಂದು ಕೇಳಿದಳು: ರೇಣುಕಾಪ್ರಸಾದರೇ ಡೇರಿಗೆ ಬಂದು ಹೇಳಬೇಕು, ಬೆಳಗಿನ ಹಾಲಿನ ಹೊತ್ತಿಗೆ.

ಬಂದರು. ಹೊಸ ಹಾಳೆಯನ್ನು ಗೋಡೆಗೆ ಅಂಟಿಸಿ, ತಪ್ಪು ತನ್ನದೆಂದು ಹೇಳಿದರು. "ಕೇಳಿಸ್ಲಿಲ್ಲ ಸಾರ್" ಎಂದು ಅವಳು ಎರಡು ಸಲ ಹೇಳಿಸಿದಳು. ವನಜಮ್ಮ ಕ್ಯಾನಿನ ಮುಚ್ಚಳವನ್ನೇ ನೋಡುತ್ತ ನಿಂತಿದ್ದಳು.

"ಈಗಾದ್ರೂ ಸಮಾಧಾನ ಆಯ್ತಾ?" ಎಂದರು ರೇಣುಕಾಪ್ರಸಾದ್.

"ಬಸ್ಸು ಬಂತು ಸಾರ್, ಹೊರಡಿ."

ಈಗ ಅವಳ ಮಡಿಯಲ್ಲಿ ಎಂಟುನೂರು ಸಸಿಗಳಿವೆ. ಮದುವೆಮನೆಗಳಿಗೂ ಕರೆಯುತ್ತಾರೆ, ಅವಳು ಹೋಗುವುದಿಲ್ಲ. ಹಳೆಯ ಹಾಳೆಯನ್ನು ಇನ್ನಾದರೂ ಒಲೆಗೆ ಹಾಕಬಾರದೇ ಎಂದು ನಾನೇ ಕೇಳಿದೆ. ಅವಳು ವಿಭೂತಿ ಗಟ್ಟಿಯನ್ನು ಎತ್ತಿ, ಕೆಳಗಿನ ಹಾಳೆಯ ಮೇಲಿನ ಧೂಳು ಒರೆಸಿ, ಮತ್ತೆ ಅಲ್ಲೇ ಇಟ್ಟಳು.