ಓದದೆ ಹೇಳಿದ ಕೊನೆ

ಮೇ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ರಾಯಚೂರು.

ನಾನು ಓದಿ ಮುಗಿಸದ ಒಂದು ಕಾದಂಬರಿಯ ಕೊನೆಯನ್ನು, ಓದಿದವಳಂತೆ, ನನ್ನ ಗೆಳತಿಗೆ ಹೇಳಿದೆ. ಅವಳು ಅದನ್ನು ನಂಬಿ ತನ್ನ ಬದುಕಿನ ತೀರ್ಮಾನ ಮಾಡಿಕೊಂಡಳು. ಐದು ವರ್ಷವಾಯಿತು. ಈವರೆಗೆ ಯಾರಿಗೂ ಹೇಳಿಲ್ಲ, ಈ ಪತ್ರಿಕೆಯ ಓದುಗರಿಗೇ ಮೊದಲು ಹೇಳುತ್ತಿದ್ದೇನೆ.

ಏಳನೇ ತರಗತಿಯಿಂದ ನಾನು ದಿನಚರಿ ಬರೆಯುತ್ತೇನೆ. ಎದ್ದ ಹೊತ್ತು, ಓದಿದ ಪುಟ, ಕರೆಂಟ್ ಹೋದದ್ದು, ಬಂದದ್ದು — ಎಲ್ಲವೂ ಅಲ್ಲಿರುತ್ತದೆ. ಅವಳಿಗೆ ಹಾಗೆ ಹೇಳಿದ ಶನಿವಾರ ಮಾತ್ರ ಬರೆದದ್ದು ಒಂದೇ ಸಾಲು: ಕಾದಂಬರಿ ಮುಗಿಯಿತು, ಬಹಳ ಸಂತೋಷ. ಅದು ಸುಳ್ಳಲ್ಲ, ಆದರೆ —

ಆ ಗೆಳತಿ ಮಲ್ಲಮ್ಮ ದೇವದುರ್ಗ ತಾಲೂಕಿನ ಮಸರಕಲ್ಲಿನವಳು, ನಾನು ಮಾನ್ವಿಯವಳು. ರಾಯಚೂರಿನ ಹಾಸ್ಟೆಲೊಂದರಲ್ಲಿ ಪಿಯುಸಿಯ ಎರಡು ವರ್ಷ ಒಂದೇ ಕೋಣೆಯಲ್ಲಿದ್ದೆವು. ಬಸ್ ನಿಲ್ದಾಣದ ಹತ್ತಿರ ಹಳೆ ಪುಸ್ತಕದ ಗಾಡಿಯಲ್ಲಿ ಆ ಕಾದಂಬರಿ ಸಿಕ್ಕಿತು. ಹೊದಿಕೆ ಹರಿದಿತ್ತು, ಹೆಸರಿನ ಪುಟವೂ ಇರಲಿಲ್ಲ. ಬರೆದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ನಮ್ಮ ವಯಸ್ಸಿನವರಿಗೆಂದೇ ಬರೆದದ್ದು ಎಂದು ಮಾತ್ರ ಮೊದಲ ಪುಟದಲ್ಲೇ ಅನಿಸಿತು.

ಅದರಲ್ಲಿ ಗಾಳಿ ನಿಂತುಹೋದ ಒಂದು ಊರು. ಎಲೆ ಅಲುಗುವುದಿಲ್ಲ, ರಾಶಿ ತೂರಲಾಗುವುದಿಲ್ಲ, ಒಲೆಯ ಹೊಗೆ ಎದ್ದು ಹೋಗದೆ ಓಣಿಯಲ್ಲೇ ಕೂತಿರುತ್ತದೆ. ಹದಿನೇಳರ ಹುಡುಗಿಯೊಬ್ಬಳು ಗಾಳಿಯನ್ನು ಹುಡುಕಿಕೊಂಡು ಗುಡ್ಡ ಹತ್ತುತ್ತಾಳೆ. ಗುಡ್ಡದ ತುದಿಯಲ್ಲಿ ಒಂದು ಬಾಗಿಲು. ದಾಟಿದರೆ ಊರಿಗೆ ಗಾಳಿ ಬರುತ್ತದೆ, ಅವಳು ಮಾತ್ರ ಮರಳಿ ಬರಲಾರಳು.

ಫ್ಯಾನ್ ನಿಂತ ಮಧ್ಯಾಹ್ನಗಳಲ್ಲಿ ಅದನ್ನು ಸರದಿಯ ಮೇಲೆ ಗಟ್ಟಿಯಾಗಿ ಓದುತ್ತಿದ್ದೆವು. ಮಲ್ಲಮ್ಮ ಓದುವಾಗ ಪುಸ್ತಕದವರೆಲ್ಲ ಮಸರಕಲ್ಲಿನವರಾಗಿಬಿಡುತ್ತಿದ್ದರು. "ಒಂದು ನೀರಿನ ಬಾಟ್ಲಿನೂ ಇಲ್ದ ಗುಡ್ಡಾ ಹತ್ತಾಕತ್ತಾಳ ನೋಡಬೇ, ಈಕಿ ಊರಿಗಿ ಗಾಳಿ ತರ್ತಾಳಂತ," ಎಂದು ನಗಿಸುತ್ತಿದ್ದಳು. ಹಾಗೆ ನಕ್ಕವಳೇ ಮುಂದಿನ ಪುಟಕ್ಕೆ ಕಣ್ಣೊರೆಸಿಕೊಳ್ಳುತ್ತಿದ್ದಳು.

ಹುಡುಗಿಗೆ ದೂರದಿಂದ ಬಾಗಿಲು ಕಂಡಲ್ಲಿಗೆ ನಮ್ಮ ಓದು ನಿಂತಿತು. ಪಿಯುಸಿ ಫಲಿತಾಂಶ ಬಂದ ವಾರ ಮಲ್ಲಮ್ಮ ಊರಿಗೆ ಹೋದಳು. ಕೋಚಿಂಗ್ ಇದ್ದುದರಿಂದ ನಾನು ಹಾಸ್ಟೆಲಿನಲ್ಲೇ ಉಳಿದೆ. ನಾನು ಮೊದಲು ಮುಗಿಸುವುದು, ಆಮೇಲೆ ಪುಸ್ತಕ ಅವಳಿಗೆ ಎಂದು ಮಾತಾಗಿತ್ತು. ಶನಿವಾರದೊಳಗೆ ಮುಗಿಸುತ್ತೇನೆ ಎಂದು ನಾನೇ ಹೇಳಿದ್ದೆ.

ಆಗ ಅವಳ ಮುಂದೆ ಎರಡು ದಾರಿ ಇದ್ದವು. ಬಳ್ಳಾರಿಯಲ್ಲಿ ನರ್ಸಿಂಗ್ ಓದುವುದು, ಇಲ್ಲವೇ ಮಾನ್ವಿ ತಾಲೂಕಿನ ಕುರ್ಡಿಯಲ್ಲಿದ್ದ ಸೋದರಮಾವನನ್ನು ಮದುವೆಯಾಗುವುದು. ಅವರಪ್ಪ ಒತ್ತಾಯ ಮಾಡುವವರಲ್ಲ. ನಿನ್ನ ಇಷ್ಟ, ಭಾನುವಾರ ಹೇಳು ಅಂದಿದ್ದರು. ನರ್ಸಿಂಗ್ ಅವಳ ಆಸೆ. ಮಾವನೂ ಬೇಡದವನಲ್ಲ, ಚಿಕ್ಕಂದಿನಿಂದ ಎತ್ತಿ ಆಡಿಸಿದವನು. ಅವಳಿಗೆ ತೀರ್ಮಾನ ಮಾಡಲಾಗಲಿಲ್ಲ.

ಅವರ ಮನೆಯಲ್ಲಿ ಯಾವ ದೊಡ್ಡ ಕೆಲಸಕ್ಕೂ ಮೊದಲು ದೇವರ ಹೂ ಕೇಳುತ್ತಾರೆ. ಒದ್ದೆ ಹೂವನ್ನು ವೀರಭದ್ರನ ಮೈಗೆ ಅಂಟಿಸಿ, ಮನಸ್ಸಿನಲ್ಲಿ ಪ್ರಶ್ನೆ ಹಿಡಿದು ಕೂರಬೇಕು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಅವಳು ಎರಡು ಸಲ ಕೂತಳಂತೆ. ಆ ಬಿಸಿಲಿಗೆ ಹೂವು ಅಂಟಿದಲ್ಲೇ ಒಣಗಿತು, ಬೀಳಲೇ ಇಲ್ಲ.

ಶನಿವಾರ ಮಧ್ಯಾಹ್ನ ಅವಳ ಫೋನ್ ಬಂತು. ಹೂವಿನ ಕಥೆಯನ್ನೆಲ್ಲ ಹೇಳಿದಳು. ನಾನು ಹ್ಞೂಂ, ಹ್ಞೂಂ ಅನ್ನುತ್ತಿದ್ದೆ — ಬೆರಳು ಪುಟಗಳ ನಡುವೆ ಇತ್ತು. ಪುಸ್ತಕದ ಹುಡುಗಿ ಬಾಗಿಲಿಗೆ ಹತ್ತು ಹೆಜ್ಜೆ ದೂರದಲ್ಲಿದ್ದಳು, ಬಾಗಿಲು ಕಾಯುವ ಕಾವಲುಗಾರನೊಬ್ಬ ಅವಳ ಕೈ ಹಿಡಿದಿದ್ದ. ಅಂಥ ಜಾಗದಲ್ಲಿ ಯಾರಾದರೂ ನಿಲ್ಲಿಸಿದರೆ — ಓದುವ ಹುಚ್ಚಿರುವವರಿಗೆ ಗೊತ್ತು, ಆಗ ಎದುರಿನವರು ಮನುಷ್ಯರಾಗಿಯೇ ಕಾಣುವುದಿಲ್ಲ.

"ಮುಗಿಸೀ ಏನಬೇ?"

"ಮುಗಿಸೀನಿ."

"ಹಂಗಾದ್ರ ಹೇಳು. ಬಾಗಿಲಾ ದಾಟ್ತಾಳೋ, ಹೊಳ್ಳಿ ಮನಿಗಿ ಬರ್ತಾಳೋ? ದೇವರಂತೂ ಬಾಯಿ ಬಿಡವಲ್ಲ. ನೀ ಹೇಳಿದ್ದಾ ನನಗ ಹೂವು."

ನಕ್ಕೆ. ಅವಳು ನಗಲಿಲ್ಲ. ಅದು ನನಗೆ ಕೇಳಿಸಿತ್ತು.

"ಹೊಳ್ಳಿ ಮನಿಗಿ ಬರ್ತಾಳ," ಅಂದೆ.

ಯಾಕೆ ಹಾಗಂದೆ? ಕಥೆಗಳು ಹೆಚ್ಚಾಗಿ ಹಾಗೆಯೇ ಮುಗಿಯುತ್ತವೆ ಎಂದಿರಬಹುದು. ಹಾಗೆ ಹೇಳಿದರೆ ಮುಂದೆ ಪ್ರಶ್ನೆ ಇರುವುದಿಲ್ಲ, ಬೇಗ ಫೋನ್ ಇಡಬಹುದು ಎಂದಿರಬಹುದು. ನಿಜ ಹೇಳಬೇಕೆಂದರೆ ನಾನು ಯೋಚಿಸಲೇ ಇಲ್ಲ. ಅವಳು, ಆತು ಬಿಡು, ಅಂದಳು. ನಾನು ಪುಸ್ತಕ ಬಿಚ್ಚಿದೆ.

ಒಂದು ಗಂಟೆಯಲ್ಲಿ ಕಾದಂಬರಿ ಮುಗಿಯಿತು. ಹುಡುಗಿ ಬಾಗಿಲು ದಾಟಿದಳು. ಕೊನೆಯ ಪುಟದಲ್ಲಿ ಊರಿಗೆ ಗಾಳಿ ಬರುತ್ತದೆ. ಅವಳವ್ವ ಅಂಗಳದಲ್ಲಿ ನಿಂತು, ಸೆರಗು ಹಾರುವುದನ್ನು ನೋಡುತ್ತಾಳೆ — ಅಷ್ಟೇ. ಬಾಗಿಲಿನಾಚೆ ಏನಿತ್ತೆಂದು ಬರೆದೇ ಇಲ್ಲ. ನಾನು ಮಾಳಿಗೆಗೆ ಓಡಿ ಹೋಗಿ ಬಿಸಿಲಲ್ಲಿ ಅಳುತ್ತಾ ನಿಂತೆ. ಅಂಥ ಸಂತೋಷ ಯಾವ ಪುಸ್ತಕವೂ ಕೊಟ್ಟಿರಲಿಲ್ಲ. ಆ ಸಂತೋಷದ ನಡುವೆ ಮಲ್ಲಮ್ಮ ನೆನಪಾದಳು. ನಾಳೆ ಹೇಳಿದರಾಯಿತು ಅಂದುಕೊಂಡೆ.

ಭಾನುವಾರ ಸಂಜೆ ಫೋನ್ ಮಾಡಿದಾಗ ಅವರಪ್ಪ ಎತ್ತಿದರು. "ನಮ್ಮ ಮಲ್ಲಮ್ಮ ಮದಿವಿಗಿ ಹ್ಞೂಂ ಅಂದಾಳ್ರಿ. ಮನಿಮನಿಗಿ ಸಕ್ಕರಿ ಹಂಚಾಕತ್ತೀವಿ," ಅಂದರು. ಆಗಲೂ ಹೇಳಬಹುದಿತ್ತು. ಒಂದು ಕಥೆಪುಸ್ತಕದ ಮಾತಿಗೆ ಕೂಡಿಬಂದ ಸಂಬಂಧ ಕೆಡಿಸುವುದೇ, ಕೇಳಿದವರು ನಗುವುದಿಲ್ಲವೇ — ಹೀಗೆ ನನಗೆ ನಾನೇ ಹೇಳಿಕೊಂಡು, ಬಹಳ ಸಂತೋಷ ರೀ, ಅಂದೆ. ಮೊದಲಿನದು ಅವಸರದಲ್ಲಿ ಆಡಿದ್ದು. ಇದು ತಿಳಿದೇ ಮಾಡಿದ್ದು. ಪುಸ್ತಕವನ್ನೂ ಅವಳಿಗೆ ಕೊಡಲಿಲ್ಲ. ಯಾರೋ ಒಯ್ದರು, ಕೇಳಬೇಕು, ಎಂದು ಏನೇನೋ ಹೇಳುತ್ತಾ ಬಂದೆ.

ಕಳೆದ ಭಾನುವಾರ ಮಾನ್ವಿಗೆ ಹೊರಟವಳು ಬಸ್ ಬದಲಿಸಲು ದಾರಿಯಲ್ಲಿ ಇಳಿದಿದ್ದೆ. ಚಹಾದ ಅಂಗಡಿಯ ಮುಂದೆ ಮಲ್ಲಮ್ಮ ಸಿಕ್ಕಳು. "ಏನಬೇ ಲೆಕ್ಕದಾಕಿ, ಇವತ್ತು ಎಷ್ಟು ಪುಟಾ ಆತು?" ಎಂದು ಹಳೆಯ ಹಾಗೆಯೇ ಕಾಡಿದಳು. ಗಂಡ ಒಳ್ಳೆಯವನು, ಹೊಡೆತ ಬಡಿತ ಇಲ್ಲ. ಅವಳನ್ನು ನೋಡಿದರೆ ದುಃಖದಲ್ಲಿದ್ದಾಳೆಂದು ಹೇಳಲಾರೆ. ಊರಿಗೆ ಲಸಿಕೆ ಹಾಕಲು ಬರುವ ಸಿಸ್ಟರ್ ಜೊತೆ ತಾನೂ ಮನೆಮನೆ ತಿರುಗುತ್ತೇನೆ, ಆಕೆ ಸೂಜಿ ಚುಚ್ಚುವಾಗ ಕೂಸುಗಳ ಕಾಲು ಹಿಡಿಯುತ್ತೇನೆ ಅಂದಳು. ಆಮೇಲೆ, ಚಹಾ ಆರಿಸುತ್ತಾ —

"ಅವತ್ತು ಬಳ್ಳಾರಿಗಿ ಹೋಗೂದಂತ ಚೀಲಾ ಕಟ್ಟಿಟ್ಟಿದ್ದೆ. ಒಂದು ಮಾತು ನಿನ್ನ ಕೇಳಿಬಿಡೂಣು ಅನಿಸ್ತು. ನೀ ಹೇಳಿದ ಮ್ಯಾಲೆ ಚೀಲಾ ಬಿಚ್ಚಿದೆ. ಆ ಪುಸ್ತಕ ಸಿಕ್ಕಿದ್ರ ತಗೊಂಡು ಬಾ. ಆಕಿ ಮನಿಗಿ ಬಂದಿದ್ದು ನಾನೂ ಓದಬೇಕು."

ತರುತ್ತೇನೆ ಅಂದೆ. ಬಸ್ಸು ಬಂತು, ಹತ್ತಿದೆ. ಮಾನ್ವಿ ಬರುವ ತನಕ ಕಿಟಕಿಯ ಕಂಬಿ ಹಿಡಿದೇ ಕೂತಿದ್ದೆ.

ಒಂದು ವಾರದಿಂದ ಬೇರೆ ಏನೂ ಮಾಡಲಾಗಿಲ್ಲ. ನಾನು ನಿಜ ಹೇಳಿದರೆ ಬಿಚ್ಚಿದ ಚೀಲ ಮತ್ತೆ ಕಟ್ಟಲಾಗುವುದಿಲ್ಲ. ಹೇಳದಿದ್ದರೆ ಪುಸ್ತಕವೇ ಹೇಳುತ್ತದೆ. ಪುಸ್ತಕ ಕೊಡದೆ ಇನ್ನೊಂದು ನೆಪ ಹೇಳುವುದು — ಅದು ಇನ್ನು ನನ್ನಿಂದ ಆಗದು. ಬಳ್ಳಾರಿಗೆ ಹೋಗಿದ್ದರೆ ಅವಳು ಏನಾಗುತ್ತಿದ್ದಳೋ ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಅದನ್ನು ತಿಳಿಯುವ ದಾರಿಯನ್ನು ನಾನು ಮುಚ್ಚಿದೆ.

ಇವತ್ತು ಪುಸ್ತಕ ತೆಗೆದುಕೊಂಡು ಕುರ್ಡಿಗೆ ಹೋಗುತ್ತೇನೆ. ಅವಳು ಓದುವ ಮೊದಲು ನಾನೇ ಹೇಳುತ್ತೇನೆ. ಬೈಯಬಹುದು, ನಕ್ಕುಬಿಡಬಹುದು — ನಕ್ಕರೆ ತಡೆದುಕೊಳ್ಳುವುದು ನನಗೆ ಹೆಚ್ಚು ಕಷ್ಟ. ಆಮೇಲೆ ಅವಳು ಒಂದು ಮಾತು ಕೇಳಿಯೇ ಕೇಳುತ್ತಾಳೆ: ಬಾಗಿಲಾ ದಾಟಿದಾಕಿ ಮುಂದ ಏನಾದಳು?

ಈ ಸಲ ಗೊತ್ತಿಲ್ಲ ಅನ್ನುತ್ತೇನೆ. ಗಾಳಿ ನಿಂತ ಊರಿನ ಈ ಕಾದಂಬರಿಯನ್ನು ನಿಮ್ಮಲ್ಲಿ ಯಾರಾದರೂ ಓದಿದ್ದರೆ, ಇದಕ್ಕೆ ಎರಡನೆಯ ಭಾಗ ಇದೆಯೆಂದು ಬಲ್ಲಿರಾದರೆ, ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ಕೇಳಿದ್ದು, ಊಹಿಸಿದ್ದು ಬೇಡ. ಓದಿದವರೇ ಬರೆಯಿರಿ.