ಖಾಲಿ ಬಿಟ್ಟ ಹೆಸರು

ನನ್ನ ಗಂಡ ಕುರಿ ಕಾಯುತ್ತಲೇ ಕುರಿಗಳ ಕಾಯಿಲೆಗೆ ನಾಟಿ ಮದ್ದುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಅವನು ಸತ್ತ ಮೇಲೆ, ಮನೆಯಲ್ಲಿದ್ದರೆ ಗೆದ್ದಲು ತಿನ್ನುತ್ತದೆಂದು ಅದನ್ನು ತಳಕು ಊರಿನ ಲೈಬ್ರರಿಗೆ ಕೊಟ್ಟೆ.

ಲೈಬ್ರರಿಯಮ್ಮ ಅದರ ವಿವರ ಕಂಪ್ಯೂಟರಿಗೆ ಏರಿಸುತ್ತಾ, "ಬರೆದೋರ ಹೆಸರೇನಜ್ಜಿ?" ಎಂದಳು.

"ಗಂಡನ ಹೆಸರು ಬಾಯಲ್ಲಿ ಹೇಳ್ತಾರೇನಮ್ಮ? ಖಾಲಿ ಬಿಡು."

ಅವಳು ನಕ್ಕು ಹಾಗೇ ಬಿಟ್ಟಳು.

ಈ ವರ್ಷ ನಮ್ಮ ಕುರಿಗಳು ಬಾಯಿ ಹುಣ್ಣಾಗಿ ಮೇವು ಬಿಟ್ಟವು. ಡಾಕ್ಟರ ಮದ್ದು ಹತ್ತಲಿಲ್ಲ. ನೋಟ್‌ಬುಕ್ ನೋಡೋಣವೆಂದು ಹೋದರೆ ಕಪಾಟಿನಲ್ಲಿ ಇರಲಿಲ್ಲ. ಅದರ ದಾಖಲೆಯಲ್ಲಿ ಯಾವಾಗ ಏನು ಬದಲಾಗಿದೆಯೆಂದು ಲೈಬ್ರರಿಯಮ್ಮ ಕಂಪ್ಯೂಟರಿನಲ್ಲಿ ತೆಗೆದು ಓದಿದಳು. ಮೊದಲು ಸೇರಿಸಿದ್ದು ಇತ್ತು. ಆಮೇಲೆ ಬರೆದವರು ಗೊತ್ತಿಲ್ಲವೆಂದು ಗುರುತು ಹಾಕಿದ್ದು. ಕೊನೆಗೆ ಅಂಥ ಪುಸ್ತಕಗಳನ್ನೆಲ್ಲ ರದ್ದಿಗೆ ಕಳಿಸಿದ್ದು.

"ನಾನು ರಜದಲ್ಲಿದ್ದೆ ಅಜ್ಜಿ, ಮೇಲಿನೋರು ಮಾಡವ್ರೆ. ಈಗಲಾದ್ರೂ ಹೆಸರು ಹೇಳ್ರಿ, ಸರಿ ಮಾಡ್ತೀನಿ."

ಮದುವೆಯಾದಾಗಿನಿಂದ ಮೊದಲ ಸಲ ಅವನ ಹೆಸರು ಹೇಳಿದೆ. ಅವಳು ಬರೆದುಕೊಂಡಳು.

"ಇನ್ನ ನೋಟ್‌ಬುಕ್ ಸಿಗ್ತೈತಾ?"

"ಇಲ್ಲಜ್ಜಿ. ಈ ಕಂಪ್ಯೂಟರಾಗೆ ಹೆಸರು ಮಾತ್ರ ಇರ್ತೈತೆ."

ಮನೆಗೆ ಬಂದಾಗ ಕುರಿಗಳು ಮೇವಿನ ಮುಂದೆ ಸುಮ್ಮನೆ ನಿಂತಿದ್ದವು.