ಪುಟ್ಟಮಾದುವಿನ ಎಡೆ

ಹಂಗಳದ ಸಣ್ಣತಾಯಮ್ಮನ ಬಾಯಿಗೆ ಊರೇ ಹೆದರುತ್ತಿತ್ತು. ಕೈ ತೋರಿಸಿದರೂ ಬಸ್ಸು ನಿಲ್ಲಿಸದೆ ಹೋದ ಡ್ರೈವರನನ್ನು ಮಾರನೆಯ ದಿನ ರಸ್ತೆಗೆ ಅಡ್ಡ ನಿಂತು ತರಾಟೆಗೆ ತೆಗೆದುಕೊಂಡವಳು ಆಕೆ. ಅಂಥವಳ ಮುಂದೆ ಯಾರೂ ಎತ್ತಲಾರದ ಮಾತೊಂದಿತ್ತು. ಅವಳ ಮಗ ಪುಟ್ಟಮಾದು ಬದುಕಿದ್ದಾನೋ ಇಲ್ಲವೋ ಎಂಬುದು.

ಹನ್ನೆರಡು ವರ್ಷದ ಹಿಂದೆ, ಇಪ್ಪತ್ತಾರರ ಪ್ರಾಯದಲ್ಲಿ, ಶುಂಠಿ ಕೀಳುವ ಕೆಲಸಕ್ಕೆಂದು ವಯನಾಡಿನ ಬಸ್ಸು ಹತ್ತಿದವನು ಮತ್ತೆ ಬರಲಿಲ್ಲ. ಜೊತೆಗೆ ಹೋದವರು, ಎರಡು ತಿಂಗಳು ನಮ್ಮೊಂದಿಗೇ ಇದ್ದ, ಒಂದು ಬೆಳಿಗ್ಗೆ ನೋಡಿದರೆ ಇಲ್ಲ ಎಂದರು. ಪೊಲೀಸರಿಗೆ ದೂರು ಕೊಟ್ಟದ್ದಾಯಿತು, ಶಾಸ್ತ್ರ ಕೇಳಿದ್ದೂ ಆಯಿತು. ಶಾಸ್ತ್ರದವನು ಪಶ್ಚಿಮ ದಿಕ್ಕಿನಲ್ಲಿದ್ದಾನೆ ಎಂದ. ವಯನಾಡು ಇರುವುದೇ ಆ ಕಡೆ, ಅದನ್ನು ಹೇಳಲು ಶಾಸ್ತ್ರವೇನೂ ಬೇಕಿರಲಿಲ್ಲ. ಆದರೆ ಸಣ್ಣತಾಯಮ್ಮನಿಗೆ ಅಷ್ಟೇ ಸಾಕಾಯಿತು.

ಮಾರ್ಲಾಮಿ ಹಬ್ಬದಲ್ಲಿ ಆ ಊರಿನವರು ಸತ್ತವರಿಗೆ ಎಡೆ ಇಡುತ್ತಾರೆ. ಹೊಸ ಬಟ್ಟೆ ಇಟ್ಟು, ಬಾಳೆ ಎಲೆಯಲ್ಲಿ ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಹಾಕಿ ಮನೆಯವರು ಹೊರಗೆ ಕೂರುತ್ತಾರೆ. ಸಣ್ಣತಾಯಮ್ಮ ಅತ್ತೆ ಮಾವನಿಗೆ ಇಟ್ಟಳು, ಗಂಡನಿಗೆ ಇಟ್ಟಳು, ಮಗನಿಗೆ ಮಾತ್ರ ಇಡಲಿಲ್ಲ. ಬದುಕಿರುವವನಿಗೆ ಎಡೆ ಇಟ್ಟರೆ ನಾವೇ ಅವನ ಆಯಸ್ಸು ಕಳೆದಂತೆ ಎಂಬುದು ಅವಳ ಅಂಜಿಕೆ. ಒಮ್ಮೆ ಮೈದುನ ಮೂಗಯ್ಯ, "ಮಾದುಂಗೂ ಒಂದೆಲೆ ಇಟ್ಬುಡತ್ಗೆ" ಎಂದದ್ದಕ್ಕೆ ಸೌಟು ಹಿಡಿದುಕೊಂಡೇ ಎದ್ದು ಬಂದಿದ್ದಳು.

ಈ ಹಟದ ಭಾರವೆಲ್ಲ ಬಿದ್ದದ್ದು ಸೊಸೆ ಕುಮಾರಿಯ ಮೇಲೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಗಂಡನನ್ನು ಬಸ್ಸು ಹತ್ತಿಸಿದವಳಿಗೆ ಈಗ ಮೂವತ್ತನಾಲ್ಕು. ತವರಿಗೆ ಹೋಗದೆ, ಚೆಂಡುಹೂವಿನ ಹೊಲಗಳಲ್ಲಿ ಹೂ ಬಿಡಿಸಿ ಅತ್ತೆಯನ್ನೂ ಸಾಕುತ್ತಿದ್ದಳು. ಆ ಹೂವಿನ ಮೂಟೆಗಳನ್ನು ಆಟೋದಲ್ಲಿ ಸಾಗಿಸುವ ಹರವೆಯ ನಿಂಗರಾಜು ಹೆಂಡತಿಯನ್ನು ಕಳೆದುಕೊಂಡವನು. ಒಂದು ದಿನ ಅವನು ನೇರವಾಗಿ ಮನೆಗೇ ಬಂದು ಸಣ್ಣತಾಯಮ್ಮನೆದುರು ಕೂತ.

"ಕುಮಾರೀನ ಮದ್ವೆ ಆಯ್ತೀನಿ ಕಣವ್ವ. ನೀನೂ ನಮ್ಮನ್ಗೇ ಬಂದ್ಬುಡು."

ಸಣ್ಣತಾಯಮ್ಮ ಒಳಬಾಗಿಲ ಕಡೆ ನೋಡಿದಳು. ಒಳಗಿನಿಂದ ಕುಮಾರಿ, "ಅತ್ತೆ ಎಂಗಂದ್ರೆ ಅಂಗೆ" ಎಂದಳು.

ಕುಲದ ಹಿರಿಯರು ಒಂದೇ ಮಾತು ಹೇಳಿದರು. ಗಂಡ ಇದ್ದಾನೆಂದು ಅತ್ತೆಯೇ ಹೇಳುತ್ತಿರುವಾಗ ಸೊಸೆಗೆ ಇನ್ನೊಂದು ಮದುವೆ ಹೇಗೆ? ತಾಯಿ ಈ ಮಾರ್ಲಾಮಿಗೆ ಮಗನಿಗೆ ಎಡೆ ಇಡಲಿ, ನಮ್ಮ ಅಡ್ಡಿಯಿಲ್ಲ.

ಆಮೇಲೆ ಹದಿನೈದು ದಿನ ಸಣ್ಣತಾಯಮ್ಮ ಯಾರನ್ನೂ ಬೈಯಲಿಲ್ಲ. ಹುಷಾರಿಲ್ಲವೇನೋ ಎಂದುಕೊಂಡರು ಊರವರು. ಒಂದು ಬೆಳಿಗ್ಗೆ ಸೊಸೆಯ ತಲೆ ಬಾಚುತ್ತಿದ್ದಾಗ ಬೈತಲೆಯ ಪಕ್ಕದಲ್ಲಿ ಬಿಳಿ ಕೂದಲು ಕಂಡಿತು. ಒಂದಲ್ಲ, ಐದಾರು. ಕಾಯುತ್ತಿರುವುದು ತನ್ನ ಮಗನನ್ನು, ಕಳೆದುಹೋಗುತ್ತಿರುವುದು ಯಾರೋ ಹೆತ್ತ ಮಗಳ ವಯಸ್ಸು ಎನಿಸಿತು ಅವಳಿಗೆ. ಬಾಚಣಿಗೆ ಕೆಳಗಿಟ್ಟಳು.

ಹಬ್ಬದ ಹಿಂದಿನ ದಿನ ಒಬ್ಬಳೇ ಗುಂಡ್ಲುಪೇಟೆಗೆ ಹೋಗಿ ಶರ್ಟು ಕೇಳಿದಳು. ಅಂಗಡಿಯವನು ಯಾವ ಸೈಜು ಎಂದಾಗ ತಬ್ಬಿಬ್ಬಾದಳು.

"ಇಪ್ಪತ್ತಾರು ವರ್ಸದ ಮಗನ್ಗೆ ಕೊಡಪ್ಪ" ಎಂದಳು.

ಹಬ್ಬದ ಸಂಜೆ ಕುಮಾರಿ ಎಂದಿನಂತೆ ಮೂರು ಎಲೆ ಹಾಸಿದಳು. ಸಣ್ಣತಾಯಮ್ಮ ನಾಲ್ಕನೆಯದನ್ನು ತಾನೇ ಹಾಸಿ, ಪಕ್ಕದಲ್ಲಿ ಶರ್ಟಿಟ್ಟು, ಮೀನಿನ ಸಾರು ಬಡಿಸಿದಳು. ಕುಮಾರಿ ಅವಳ ಕೈಯ ಸೌಟು ಹಿಡಿದುಕೊಂಡಳು.

"ನನ್ಗೋಸ್ಕರ ಬ್ಯಾಡ ಕಣತ್ತೆ."

"ನಿನ್ಗೋಸ್ಕರಾನೇ ಕಣಮ್ಮಿ. ನಿಂಗರಾಜುಗೆ ಒಪ್ಗೆ ಅಂತ ಏಳ್ಬುಡು."

"ನೀನೂ ಬತ್ತಿಯ ತಾನೆ?"

"ಬರ್ದೆ ಏನು? ಆ ಆಟೋದವುನ್ನ ಬಯ್ಯಕ್ಕೆ ಒಬ್ರಾದ್ರೂ ಬ್ಯಾಡ್ವಾ?"

ಕುಮಾರಿ ಅಳುತ್ತಲೇ ನಕ್ಕಳು. ಬಾಗಿಲು ಹಾಕಿ, ಹಬ್ಬಕ್ಕೆ ಬಂದಿದ್ದ ಮೂಗಯ್ಯನೂ ಸೇರಿ ಎಲ್ಲರೂ ಜಗಲಿಯ ಮೇಲೆ ಕೂತರು. ಸ್ವಲ್ಪ ಹೊತ್ತಾದ ಮೇಲೆ, ಒಳಗಿರುವವರಿಗೆ ತಿಳಿಯಲೆಂದು ಮೂಗಯ್ಯ ಒಮ್ಮೆ ಕೆಮ್ಮಿ, ಬಾಗಿಲು ತೆಗೆಯಲು ಚಿಲಕಕ್ಕೆ ಕೈ ಹಾಕಿದ. ಸಣ್ಣತಾಯಮ್ಮ ಅವನ ಕೈ ಹಿಡಿದುಕೊಂಡಳು.

"ಇನ್ನೊಂದ್ಗಳ್ಗೆ ತಡ್ಕಲಾ ಮೂಗ. ನನ್ ಮಗ ಮೆಲ್ಗೆ ಉಣ್ಣೋನು."